ಮನೋಪರೀಕ್ಷೆ: ಮಾಡಿಸಬೇಕೆ, ಕಾಯಬೇಕೆ?

ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯನ್ನು ಊಹಿಸಿಕೊಳ್ಳಿ. ಮೂರನೆಯ ತರಗತಿ. ಉಕ್ತಲೇಖನ ನಡೆದಿದೆ. ಅಧ್ಯಾಪಕಿ 'ಹಕ್ಕಿ' ಎಂದು ಹೇಳಿದರೆ ಒಬ್ಬ ಹುಡುಗ 'ಅಕ್ಕಿ' ಎಂದು ಬರೆಯುತ್ತಾನೆ. 'ಶಾಲೆ' ಅವನ ಪುಸ್ತಕದಲ್ಲಿ 'ಸಾಲೆ' ಆಗುತ್ತದೆ, 'ಭಾರತ' 'ಬಾರತ' ಆಗುತ್ತದೆ. 'ಸೂರ್ಯ' ಬರೆಯುವಾಗ ಅರ್ಕಾವತ್ತು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಪೆನ್ಸಿಲ್ ಕಚ್ಚುತ್ತ ಕೂರುತ್ತಾನೆ. ವರ್ಷದ ಕೊನೆಗೆ ತಂದೆತಾಯಿಯನ್ನು ಕರೆಸಿ, 'ಇವನಿಗೆ ಏನೋ ತೊಂದರೆ ಇದೆ, ಒಮ್ಮೆ ಮೈಸೂರಿಗೋ ಬೆಂಗಳೂರಿಗೋ ಕರೆದುಕೊಂಡು ಹೋಗಿ ತೋರಿಸಿ' ಎನ್ನುತ್ತಾರೆ.

ತೋರಿಸಬೇಕೆ? ಉತ್ತರ ಅಷ್ಟು ಸುಲಭವಲ್ಲ. ಮಂಡ್ಯ ಸೀಮೆಯ ಆಡುಮಾತಿನಲ್ಲಿ ಪದದ ಮೊದಲಿನ ಹಕಾರ ಬಿದ್ದುಹೋಗುವುದು ಸಹಜ. ಹಾಲು 'ಆಲು', ಹುಡುಗ 'ಉಡ್ಗ', ಹಳ್ಳಿ 'ಅಳ್ಳಿ'. ಶಕಾರ ಸಕಾರವಾಗುತ್ತದೆ, ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ. ಹುಡುಗ ಬರೆದದ್ದು ತನ್ನ ಮನೆಯಲ್ಲಿ ಕೇಳಿದ ಕನ್ನಡವನ್ನು. ಅದು ರೋಗವಲ್ಲ. ಆದರೆ ಅದೇ ತಪ್ಪುಗಳಿಗೆ ಬೇರೆ ಕಾರಣಗಳೂ ಇರಬಹುದು. ಸ, ಶ ಇವು ಹೆಚ್ಚು ಕಂಪನಾಂಕದ, ಕಡಿಮೆ ಶಕ್ತಿಯ ಧ್ವನಿಗಳು; ಹಕಾರವೂ ಬಹಳ ಮೆಲುದನಿ. ನೆಗಡಿಯಾದಾಗಲೆಲ್ಲ ಕಿವಿ ಸೋರುವ, ನಡುಗಿವಿಯಲ್ಲಿ ದ್ರವ ತುಂಬಿರುವ ಮಗುವಿಗೆ ಇವು ಸರಿಯಾಗಿ ಕೇಳಿಸುವುದೇ ಇಲ್ಲ. ಅಥವಾ ಹುಡುಗನಿಗೆ ಡಿಸ್ಲೆಕ್ಸಿಯ, ಎಂದರೆ ಓದುವ ಕಲಿಕೆಯಲ್ಲಿನ ನಿರ್ದಿಷ್ಟ ನ್ಯೂನತೆ ಇರಬಹುದು. ಅಥವಾ ಮನೆಯಲ್ಲಿ ದಿನಾ ರಾತ್ರಿ ಜಗಳ ನಡೆದು, ನಿದ್ದೆಗೆಟ್ಟ ಮಗುವಿನ ಗಮನ ಪಾಠದಲ್ಲಿ ಇಲ್ಲದಿರಬಹುದು. ನಾಲ್ಕು ಕಾರಣಗಳು ಹಿಡಿಸುವ ದಾರಿಗಳೂ ನಾಲ್ಕು. ಯಾವ ದಾರಿ ಎಂಬುದನ್ನು ಆರಿಸಲು ನೆರವಾಗುವುದೇ ಮನೋವೈಜ್ಞಾನಿಕ ಮೌಲ್ಯಮಾಪನ. ('ಮೌಲ್ಯಮಾಪನ' ಎಂದೊಡನೆ ಅಧ್ಯಾಪಕರಿಗೆ ಉತ್ತರಪತ್ರಿಕೆಗಳ ಕಟ್ಟು ಕಣ್ಣೆದುರು ಬರುತ್ತದೆ. ಇಲ್ಲಿ ಪಾಸು ನಪಾಸು ಇಲ್ಲ. ಆದ್ದರಿಂದ ಈ ಲೇಖನದಲ್ಲಿ ತಪಾಸಣೆ ಎಂದೇ ಕರೆಯೋಣ.)

'ಈ ಮಗುವಿನಲ್ಲಿ ಏನಾದರೂ ದೋಷವಿದೆಯೇ?' ಎಂದು ಕೇಳಿಕೊಂಡು ತಪಾಸಣೆಗೆ ಹೋಗುವವರು ಹೆಚ್ಚು. ಅದು ಸರಿಯಾದ ಪ್ರಶ್ನೆಯಲ್ಲ. 'ಯಾವ ತೀರ್ಮಾನ ನಮ್ಮ ಮುಂದಿದೆ, ಅದನ್ನು ತೆಗೆದುಕೊಳ್ಳಲು ನಮಗೆ ಗೊತ್ತಿಲ್ಲದ ಯಾವ ಸಂಗತಿ ಬೇಕು?' ಎಂದು ಕೇಳಿಕೊಂಡರೆ ಹೋಗಬೇಕೆ ಬೇಡವೆ ಎಂಬುದು ಬಹುಮಟ್ಟಿಗೆ ತಾನೇ ತಿಳಿಯಾಗುತ್ತದೆ. ಬರುವ ಉತ್ತರ ಯಾವುದೇ ಆದರೂ ನೀವು ಮಾಡುವುದು ಒಂದೇ ಎಂದಾದರೆ ತಪಾಸಣೆಗೆ ಆತುರವಿಲ್ಲ. ಉತ್ತರದಿಂದ ನಿಮ್ಮ ನಡೆ ಬದಲಾಗುವುದಾದರೆ ತಡಮಾಡಬಾರದು.

ಕನ್ನಡ ಓದು ಕಲಿಯಲು ಎಷ್ಟು ಕಾಲ ಬೇಕು?

ಮಗುವಿನ ಓದು 'ಹಿಂದುಳಿದಿದೆ' ಎನ್ನಬೇಕಾದರೆ 'ಮುಂದೆ' ಎಲ್ಲಿದೆ ಎಂದು ಗೊತ್ತಿರಬೇಕು. 2007ರಲ್ಲಿ 'ತಾರೇ ಜಮೀನ್ ಪರ್' ಚಲನಚಿತ್ರ ಬಂದ ಮೇಲೆ ಡಿಸ್ಲೆಕ್ಸಿಯ ಎಂಬ ಪದ ನಮ್ಮ ಶಾಲೆಗಳಿಗೂ ತಲುಪಿತು. ಒಳ್ಳೆಯದೇ ಆಯಿತು. ಆದರೆ ಅದರೊಡನೆ ಬಂದ ಲಕ್ಷಣಗಳ ಪಟ್ಟಿ ಬಹುಪಾಲು ಇಂಗ್ಲಿಷ್ ಓದುವ ಮಕ್ಕಳದು. ಇಂಗ್ಲಿಷಿನಲ್ಲಿ 26 ಅಕ್ಷರ. ಕನ್ನಡದಲ್ಲಿ 34 ವ್ಯಂಜನಗಳಿಗೆ ಕಾಗುಣಿತ ಸೇರಿಸಿದರೆ ನಾನೂರಕ್ಕೂ ಹೆಚ್ಚು ರೂಪಗಳು, ಒತ್ತಕ್ಷರಗಳು ಬೇರೆ. ಅಕ್ಷರಕ್ಕೂ ಉಚ್ಚಾರಕ್ಕೂ ನಂಟು ನೇರವಾಗಿದೆ ನಿಜ, ಆದರೆ ಕಲಿಯಬೇಕಾದ ರೂಪಗಳ ರಾಶಿ ದೊಡ್ಡದು. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲಾ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದ್ದು ಇದನ್ನೇ: ಅಕ್ಷರಜ್ಞಾನ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯುವುದಿಲ್ಲ, ಮೂರು ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ಪದವನ್ನು ಬಿಡಿ ಧ್ವನಿಗಳಾಗಿ ಒಡೆಯುವ ಸಾಮರ್ಥ್ಯವೂ ಕನ್ನಡದ ಮಕ್ಕಳಲ್ಲಿ ನಿಧಾನವಾಗಿ ಬರುತ್ತದೆ.

ಆದ್ದರಿಂದ ಎರಡನೆಯ ತರಗತಿಯ ಮಗುವಿಗೆ ಒತ್ತಕ್ಷರ ತಡವರಿಸಿದರೆ ಗಾಬರಿಪಡಬೇಕಿಲ್ಲ. ಅರ್ಕಾವತ್ತಿನ ತಪ್ಪು ಇನ್ನೂ ದೊಡ್ಡ ಮಕ್ಕಳಲ್ಲೂ ಸಾಮಾನ್ಯ. ಮೊದಲು ಉಚ್ಚರಿಸುವ ರೇಫೆಯನ್ನು ಕೊನೆಗೆ ಬರೆಯುವ ಈ ಪದ್ಧತಿ ಮಗುವಿನ ಕಿವಿಗೂ ಕಣ್ಣಿಗೂ ಜಗಳ ಹಚ್ಚುತ್ತದೆ. ನಾಲ್ಕನೆಯ ಅಥವಾ ಐದನೆಯ ತರಗತಿಯಲ್ಲಿದ್ದು, ಶಾಲೆಗೆ ತಪ್ಪದೆ ಬಂದು, ಪಾಠವನ್ನೂ ಸರಿಯಾಗಿ ಕೇಳಿಸಿಕೊಂಡು, ಆದರೂ ಸರಳ ಕಾಗುಣಿತವನ್ನೇ ಒಂದೊಂದಾಗಿ ಎಡವುತ್ತ ಓದುವ ಮಗುವಿನ ವಿಷಯ ಬೇರೆ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಅದರ ಮೊದಲು ಮರೆತುಹೋಗಿರುತ್ತದೆ. ಈ ಮಗುವಿಗೆ ತಪಾಸಣೆ ಬೇಕು.

ಮತ್ತೊಂದು ತೊಡಕು ಮಾಧ್ಯಮದ್ದು. ಹಳ್ಳಿಯ ಕನ್ನಡ ಶಾಲೆಯಿಂದ ಬಿಡಿಸಿ ಮದ್ದೂರಿನಲ್ಲೋ ಮಂಡ್ಯದಲ್ಲೋ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ ಮಗು ಮೊದಲ ವರ್ಷ ತಬ್ಬಿಬ್ಬಾಗುವುದು ಖಂಡಿತ. ಅದು ಹೊಸ ಭಾಷೆಯ ಕಷ್ಟ. ಕಲಿಕಾ ನ್ಯೂನತೆ ಇದ್ದರೆ ಅದು ಮಗುವಿಗೆ ಚೆನ್ನಾಗಿ ಗೊತ್ತಿರುವ ಭಾಷೆಯಲ್ಲೂ ಕಾಣಬೇಕು. ಮನೆಯ ಭಾಷೆ ಬಿಟ್ಟು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದ ವರದಿಯನ್ನು ನಾನಂತೂ ಅರ್ಧ ವರದಿ ಎಂದೇ ಎಣಿಸುತ್ತೇನೆ.

ತರಗತಿಯಲ್ಲೇ ಮಾಡಬಹುದಾದ ಪ್ರಯೋಗ

ವಿಜ್ಞಾನ ಅಧ್ಯಾಪಕರಿಗೆ ಚರ, ನಿಯಂತ್ರಣ ಎಂದರೇನೆಂದು ಹೇಳಿಕೊಡಬೇಕಿಲ್ಲ. ಅದೇ ವಿಧಾನ ಇಲ್ಲೂ ನಡೆಯುತ್ತದೆ. ಮಗುವಿಗೆ ಒಂದು ಪುಟ್ಟ ಕಥೆಯನ್ನು ಓದಲು ಕೊಟ್ಟು ಐದು ಪ್ರಶ್ನೆ ಕೇಳಿ. ಇನ್ನೊಂದು ದಿನ ಅಷ್ಟೇ ಕಷ್ಟದ ಬೇರೆ ಕಥೆಯನ್ನು ನೀವೇ ಓದಿಹೇಳಿ ಐದು ಪ್ರಶ್ನೆ ಕೇಳಿ. ಓದಿಹೇಳಿದಾಗ ಚೆನ್ನಾಗಿ ಉತ್ತರಿಸಿ, ತಾನೇ ಓದಿದಾಗ ಸೋತರೆ ತೊಡಕು ಓದಿನಲ್ಲಿದೆ, ಬುದ್ಧಿಯಲ್ಲಿ ಅಲ್ಲ. ಎರಡರಲ್ಲೂ ಸೋತರೆ ಕಿವಿ, ಭಾಷೆ, ಗಮನ, ಒಟ್ಟು ಬೆಳವಣಿಗೆ ಇವುಗಳ ಕಡೆ ನೋಡಬೇಕು. ಮುಂದಿನ ಬೆಂಚಿಗೆ ಕೂರಿಸಿದ ಮಾತ್ರಕ್ಕೆ ತಪ್ಪುಗಳು ಕಡಿಮೆಯಾದರೆ ಕಣ್ಣು ಅಥವಾ ಕಿವಿಯ ಮೇಲೆ ಗುಮಾನಿ ಬರಬೇಕು. ಬೆನ್ನ ಹಿಂದೆ ನಿಂತು, ತುಟಿ ಕಾಣದಂತೆ, ಮೆಲುದನಿಯಲ್ಲಿ ಹೆಸರು ಕರೆದು ನೋಡಿ. ತಿರುಗದಿದ್ದರೆ ಮೊದಲ ಪ್ರಯಾಣ ಕಿವಿಯ ವೈದ್ಯರ ಬಳಿಗೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದ ತಂದೆತಾಯಿಯ ಮಕ್ಕಳಲ್ಲಿ ಹುಟ್ಟು ಕಿವುಡು ಮತ್ತು ಕೆಲವು ಆನುವಂಶಿಕ ತೊಂದರೆಗಳ ಸಂಭವ ಹೆಚ್ಚು. ಸೋದರಮಾವ, ಅತ್ತೆಯ ಮಗ ಎಂದು ಮದುವೆಯಾಗುವ ರೂಢಿ ಇರುವ ನಮ್ಮ ಹಳೆ ಮೈಸೂರು ಸೀಮೆಯಲ್ಲಿ ಕಿವಿಯ ಪರೀಕ್ಷೆಯನ್ನು ಬಿಟ್ಟು ಬುದ್ಧಿಯ ಪರೀಕ್ಷೆಗೆ ಓಡುವುದು ಎತ್ತಿನ ಮುಂದೆ ಗಾಡಿ ಕಟ್ಟಿದಂತೆ.

ಇಷ್ಟಾದ ಮೇಲೆ ಆರರಿಂದ ಎಂಟು ವಾರ, ದಿನಕ್ಕೆ ಇಪ್ಪತ್ತು ನಿಮಿಷ, ಎಡವುವ ಅಕ್ಷರಗಳನ್ನೇ ಆಯ್ದು ಹೇಳಿಕೊಡಿ. ವಾರಕ್ಕೊಮ್ಮೆ ಒಂದು ನಿಮಿಷದಲ್ಲಿ ಸರಿಯಾಗಿ ಓದಿದ ಪದಗಳನ್ನು ಎಣಿಸಿ ಬರೆದಿಡಿ. ಅಂಕಿ ಏರುತ್ತಿದ್ದರೆ ಮಗುವಿಗೆ ಬೇಕಾಗಿದ್ದುದು ಪಾಠ. ಏರದಿದ್ದರೆ ಆ ಎಂಟು ಅಂಕಿಗಳ ಹಾಳೆಯನ್ನು ತಪಾಸಣೆಗೆ ಜೊತೆಯಲ್ಲಿ ಕಳಿಸಿ. 'ಹುಡುಗ ದಡ್ಡ' ಎಂಬ ಐದು ಅಕ್ಷರದ ಟಿಪ್ಪಣಿಗಿಂತ ಅದು ಮನೋವಿಜ್ಞಾನಿಗೆ ನೂರು ಪಾಲು ಉಪಯುಕ್ತ.

ಕಾಯಬಾರದ ಸಂದರ್ಭಗಳು

ಮೇಲೆ ಹೇಳಿದ ತಾಳ್ಮೆ ಓದುಬರಹಕ್ಕೆ ಸರಿ. ಎಳೆಯ ಮಕ್ಕಳ ಮಾತಿಗೆ ಸಲ್ಲದು. ಒಂದು ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದ, ಒಂದೂಕಾಲು ವರ್ಷ ದಾಟಿದರೂ ಒಂದು ಪದವೂ ಬಾರದ, ಎರಡು ವರ್ಷಕ್ಕೆ 'ಅಮ್ಮ ಬಾ', 'ಹಾಲು ಬೇಕು' ಎಂದು ಎರಡು ಪದ ಜೋಡಿಸದ ಮಗುವನ್ನು ತೋರಿಸಲೇಬೇಕು. ಬೇಕಾದುದನ್ನು ಬೆರಳು ಮಾಡಿ ತೋರಿಸದ, ಕಣ್ಣಿಗೆ ಕಣ್ಣು ಕೊಡದ ಮಗುವನ್ನೂ ಅಷ್ಟೆ. ಬಂದಿದ್ದ ಮಾತು ನಿಂತುಹೋದರೆ ಯಾವ ವಯಸ್ಸೇ ಆಗಲಿ, ಅದೇ ವಾರ ಹೊರಡಬೇಕು. 'ಅವರಪ್ಪನೂ ಮೂರು ವರ್ಸಕ್ಕೆ ಮಾತಾಡ್ದೋನು, ಬುಡು' ಎನ್ನುವ ಅಜ್ಜಿಯ ಮಾತಿನಲ್ಲಿ ಕೆಲವೊಮ್ಮೆ ನಿಜ ಇರುತ್ತದೆ. ತಡವಾಗಿ ಮಾತು ಬಂದು ಸರಿಹೋಗುವ ಮಕ್ಕಳು ಇದ್ದಾರೆ. ಆದರೆ ಯಾವ ಮಗು ಆ ಗುಂಪಿನದು, ಯಾವುದು ಕಿವಿ ಕೇಳದ್ದು, ಯಾವುದಕ್ಕೆ ಆಟಿಸಮ್ ಇದೆ ಎಂಬುದನ್ನು ಮನೆಯಲ್ಲಿ ಕೂತು ಹೇಳಲಾಗದು. ಬಜೆ ತೇಯ್ದು ನಾಲಿಗೆಗೆ ಸವರುತ್ತ ಕಳೆದ ಎರಡು ವರ್ಷ ಮರಳಿ ಬರುವುದಿಲ್ಲ. ಮಾತು ಕಲಿಯುವ ಮಿದುಳಿನ ಹದ ಮೊದಲ ಕೆಲವು ವರ್ಷಗಳಲ್ಲಿ ಹೆಚ್ಚು. ಇಲ್ಲಿ ಅನವಶ್ಯಕ ತಪಾಸಣೆಯ ನಷ್ಟ ಒಂದು ದಿನದ ಕೂಲಿ, ಬಸ್ ಚಾರ್ಜು. ತಪ್ಪಿಹೋದ ತಪಾಸಣೆಯ ನಷ್ಟಕ್ಕೆ ಅಂಥ ಲೆಕ್ಕವಿಲ್ಲ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಇದರ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಮ್ಮೆ ಬಂದು, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡಬೇಕೆಂದು ನಿಯಮ. ಬೆಳವಣಿಗೆಯ ವಿಳಂಬವೂ ಅವರ ಪಟ್ಟಿಯಲ್ಲಿದೆ. ಆ ದಿನ ಮಗು ರಜೆ ಹಾಕದಂತೆ ನೋಡಿಕೊಳ್ಳುವುದು, ತಂಡಕ್ಕೆ ಮಗುವಿನ ಬಗ್ಗೆ ಮೊದಲೇ ಹೇಳಿರುವುದು ಅಧ್ಯಾಪಕರಿಗೂ ಅಂಗನವಾಡಿ ಕಾರ್ಯಕರ್ತೆಗೂ ಸಾಧ್ಯವಿರುವ ಕೆಲಸ.

ಜರಡಿಯ ಲೆಕ್ಕ

ಈಗ ದೊಡ್ಡವರ ವಿಷಯ. ಮೊಬೈಲಿನಲ್ಲಿ ಒಂಬತ್ತು ಪ್ರಶ್ನೆಗಳಿಗೆ ಉತ್ತರ ಒತ್ತಿ 'ನನಗೆ ಖಿನ್ನತೆ ಇದೆಯಂತೆ' ಎಂದು ಹೆದರುವ ಕಾಲೇಜು ವಿದ್ಯಾರ್ಥಿಗಳು ಈಗ ಎಲ್ಲ ಕಡೆ ಸಿಗುತ್ತಾರೆ. ಆ ಪ್ರಶ್ನಾವಳಿ ಬಹುಮಟ್ಟಿಗೆ ಪಿಎಚ್‌ಕ್ಯು-9 ಎಂಬುದಾಗಿರುತ್ತದೆ. 2001ರಲ್ಲಿ ಕ್ರೋಂಕ್, ಸ್ಪಿಟ್ಜರ್, ವಿಲಿಯಮ್ಸ್ ಎಂಬ ಅಮೆರಿಕದ ಸಂಶೋಧಕರು ಇದರ ಬಗ್ಗೆ ಪ್ರಕಟಿಸಿದರು. ಒಟ್ಟು 27 ಅಂಕ. 10 ಅಥವಾ ಹೆಚ್ಚು ಬಂದರೆ ಮುಂದಿನ ತಪಾಸಣೆ ಬೇಕು. ಅವರ ಅಧ್ಯಯನದಲ್ಲಿ ತೀವ್ರ ಖಿನ್ನತೆ ಇದ್ದವರಲ್ಲಿ ಶೇ. 88 ಮಂದಿಯನ್ನು ಅದು ಹಿಡಿಯಿತು, ಇಲ್ಲದವರಲ್ಲಿ ಶೇ. 88 ಮಂದಿಯನ್ನು ಸರಿಯಾಗಿ ಬಿಟ್ಟಿತು.

ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಹಾಕಿ ನೋಡಿ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಆ ಹೊತ್ತಿಗೆ ಖಿನ್ನತೆ ಇದ್ದವರು ಸುಮಾರು ಶೇ. 2.7. ಎಂದರೆ ಸಾವಿರ ಜನರಲ್ಲಿ 27. ಈ ಸಾವಿರ ಜನರಿಗೂ ಪ್ರಶ್ನಾವಳಿ ಕೊಟ್ಟರೆ 27ರಲ್ಲಿ 24 ಮಂದಿ ಸಿಕ್ಕುತ್ತಾರೆ. ಉಳಿದ 973 ಮಂದಿಯಲ್ಲಿ ಶೇ. 12, ಎಂದರೆ 117 ಮಂದಿ, ಖಿನ್ನತೆ ಇಲ್ಲದೆಯೂ ಹತ್ತರ ಗೆರೆ ದಾಟುತ್ತಾರೆ. ಒಟ್ಟು 141 ಮಂದಿ 'ಇದೆ' ಎನಿಸಿಕೊಂಡವರು. ಅವರಲ್ಲಿ ನಿಜವಾಗಿ ಇರುವವರು 24, ಶೇ. 17 ಮಾತ್ರ! ಅದೇ ಪ್ರಶ್ನಾವಳಿಯನ್ನು ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರದು, ಕೆಲಸ ಬೇಡ ಎಂದು ಆಸ್ಪತ್ರೆಗೆ ಬಂದವರಿಗೆ ಕೊಡಿ. ಅವರಲ್ಲಿ ಸಾವಿರಕ್ಕೆ 300 ಮಂದಿಗೆ ಖಿನ್ನತೆ ಇದೆ ಎಂದಿಟ್ಟುಕೊಂಡರೆ 264 ಮಂದಿ ಸರಿಯಾಗಿ, 84 ಮಂದಿ ತಪ್ಪಾಗಿ ಸಿಕ್ಕುತ್ತಾರೆ. ಈಗ ಗೆರೆ ದಾಟಿದವರಲ್ಲಿ ಶೇ. 76 ಮಂದಿಗೆ ನಿಜಕ್ಕೂ ಖಿನ್ನತೆ. ಪ್ರಶ್ನೆಗಳೂ ಅವೇ, ಅಂಕಗಳೂ ಅವೇ. ಅರ್ಥ ಮಾತ್ರ ಬೇರೆ. ಸಂಭವನೀಯತೆಯ ಪಾಠ ಮಾಡುವಾಗ ಬೇಯ್ಸ್ ಪ್ರಮೇಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಪ್ರಶ್ನಾವಳಿ ಒಂದು ಜರಡಿ. ಜರಡಿಯಲ್ಲಿ ಉಳಿದದ್ದೆಲ್ಲ ಕಲ್ಲಲ್ಲ. ಕೆಳಗೆ ಬಿದ್ದದ್ದೆಲ್ಲ ಶುದ್ಧ ರಾಗಿಯೂ ಅಲ್ಲ, ಮೇಲಿನ ಲೆಕ್ಕದಲ್ಲಿ ಮೂರು ಮಂದಿ ಖಿನ್ನತೆ ಇದ್ದೂ ತಪ್ಪಿಸಿಕೊಂಡಿದ್ದಾರೆ. ಆದ್ದರಿಂದ ತಪಾಸಣೆಗೆ ಹೋಗುವ ತೀರ್ಮಾನಕ್ಕೆ ಅಂಕಕ್ಕಿಂತ ಬದುಕನ್ನೇ ಆಧಾರ ಮಾಡಿಕೊಳ್ಳುವುದು ಮೇಲು. ಕಷ್ಟ ಎರಡು ವಾರಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಇದೆಯೇ? ಮನೆಯಲ್ಲಿ ಮಾತ್ರವೋ, ಕೆಲಸದ ಕಡೆ, ಗೆಳೆಯರ ನಡುವೆ ಕೂಡವೋ? ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ನಿಂತಿದೆ? ಸತ್ತವರಿಗಾಗಿ ಅಳುವುದು, ಪಿಯುಸಿ ಫಲಿತಾಂಶ ಬಂದ ವಾರ ಮಂಕಾಗಿ ಕೂರುವುದು ಕಾಯಿಲೆಯಲ್ಲ. ಆದರೆ ನಮ್ಮ ಕಡೆ ಖಿನ್ನತೆ ಅಳುತ್ತಲೇ ಬರಬೇಕೆಂದಿಲ್ಲ. ನಿಶ್ಶಕ್ತಿ, ಕೈಕಾಲು ಸೆಳೆತ, ಮೈಯೆಲ್ಲ ಉರಿ, ಗ್ಯಾಸ್ಟ್ರಿಕ್ ಎಂದು ಬರುತ್ತದೆ. ಮೂರು ನಾಲ್ಕು ಕಡೆ ರಕ್ತಪರೀಕ್ಷೆ, ಸ್ಕ್ಯಾನ್ ಮಾಡಿಸಿ ಎಲ್ಲ ಸರಿಯಿದೆ ಎಂದ ಮೇಲೂ ಅದೇ ಬಾಧೆ ಇದ್ದರೆ ಮನೋವೈದ್ಯರನ್ನು ಕಾಣುವುದರಲ್ಲಿ ಅರ್ಥವಿದೆ. ಥೈರಾಯಿಡ್, ರಕ್ತಹೀನತೆ, ಬಿ12 ಕೊರತೆ ಇವುಗಳನ್ನು ಮೊದಲು ನೋಡಿಕೊಂಡಿರಬೇಕು. ವಯಸ್ಸಾದವರ ಮರೆವಿಗೂ ಇದೇ ಮಾತು.

ಕಾರಣ ಗೊತ್ತಿದ್ದ ಮೇಲೆ ತಪಾಸಣೆ ಏಕೆ?

2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ರಾಜ್ಯವನ್ನೆಲ್ಲ ಕಲಕಿದವು. ಆಗ ಎರಡು ವಾದಗಳು ಕೇಳಿಬಂದವು. ಇದು ಬೆಲೆ, ಬಾಕಿ, ಬಡ್ಡಿಯ ಪ್ರಶ್ನೆ, ಮನೋವೈದ್ಯರಿಗೆ ಇಲ್ಲೇನು ಕೆಲಸ ಎಂಬುದು ಒಂದು. ಇದು ಮಾನಸಿಕ ದೌರ್ಬಲ್ಯ, ಆಪ್ತಸಲಹೆ ಕೊಟ್ಟರೆ ಸಾಕು ಎಂಬುದು ಇನ್ನೊಂದು. ಎರಡನೆಯದು ಅನ್ಯಾಯದ ಮಾತು. ಯಾವ ತಪಾಸಣೆಯೂ ಸಾಲ ತೀರಿಸುವುದಿಲ್ಲ. ಮೊದಲನೆಯದೂ ಪೂರ್ತಿ ಸರಿಯಲ್ಲ. ಗದ್ದೆಯ ಬದುವಿನಿಂದ ಜಾರಿ ಕಾಲು ಮುರಿದವನಿಗೆ ಕಾರಣ ಗೊತ್ತಿದೆ ಎಂದು ಎಕ್ಸ್-ರೇ ಬೇಡವೆನ್ನುವುದಿಲ್ಲ. ಚಿಂತೆಗೆ ಕಾರಣವಿರುವುದು ಒಂದು, ಚಿಂತೆ ಕಾಯಿಲೆಯ ರೂಪ ತಾಳಿರುವುದು ಇನ್ನೊಂದು. ನಿದ್ದೆ ಕೆಟ್ಟು, ಯೋಚನೆ ಒಂದೇ ಕಡೆ ಸುತ್ತಿ, 'ಇನ್ನು ದಾರಿಯಿಲ್ಲ' ಎಂಬ ನಂಬಿಕೆ ಗಟ್ಟಿಯಾದಾಗ ಇರುವ ದಾರಿಯೂ ಕಾಣುವುದಿಲ್ಲ. ಬ್ಯಾಂಕಿನವರ ಜೊತೆ ಮಾತಾಡಲು ಬೇಕಾದ ಶಕ್ತಿಯನ್ನೇ ಖಿನ್ನತೆ ಕಿತ್ತುಕೊಳ್ಳುತ್ತದೆ.

ಸಾಯುವ ಮಾತು ಬಂದಾಗ ಮಾತ್ರ ಮೇಲಿನ ಯಾವ ತೂಗಾಟವೂ ಬೇಡ. 'ಸಾಯಬೇಕು ಅಂತ ಅನ್ನಿಸ್ತಿದೆಯಾ?' ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಭಯಕ್ಕೆ ಸಂಶೋಧನೆಯ ಆಧಾರವಿಲ್ಲ. ಕೇಳಿದ್ದರಿಂದ ಎದೆ ಹಗುರವಾದದ್ದೇ ಹೆಚ್ಚು. ಅವರನ್ನು ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧ ಮನೆಯಲ್ಲಿದ್ದರೆ ಅವರ ಕೈಗೆ ಸಿಗದಂತೆ ಸಾಗಿಸಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡಬಹುದು, ಹಣ ಕೊಡಬೇಕಿಲ್ಲ. ಪೊಲೀಸ್ ಕೇಸಿನ ಹೆದರಿಕೆಯಿಂದ ಮುಚ್ಚಿಡುವ ಮನೆಗಳಿಗೆ ತಿಳಿಸಬೇಕಾದದ್ದು: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಹೇಳುತ್ತದೆ.

ಬಾಣಂತಿಯ ವಿಷಯದಲ್ಲೂ ಕಾಯುವುದು ಅಪಾಯ. ಹೆರಿಗೆಯಾದ ಮೊದಲ ವಾರ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ಹೋಗಿಬಿಡುತ್ತದೆ. ಎರಡು ವಾರ ದಾಟಿದರೆ ತೋರಿಸಬೇಕು. ನಿದ್ದೆಯೇ ಇಲ್ಲದೆ ಅಸಂಬದ್ಧ ಮಾತಾಡುತ್ತ, ಮಗುವಿನ ಬಗ್ಗೆ ವಿಚಿತ್ರ ಅನುಮಾನ ಪಡುವ ಸ್ಥಿತಿಯನ್ನು ಹಿರಿಯರು 'ಬಾಣಂತಿ ಸನ್ನಿ' ಎನ್ನುತ್ತಿದ್ದರು. ಇದು ತುರ್ತುಸ್ಥಿತಿ. ಚಿಕಿತ್ಸೆಯಿಂದ ಬಹುಮಂದಿ ಪೂರ್ತಿ ಗುಣವಾಗುತ್ತಾರೆ.

ಎಲ್ಲಿಗೆ, ಯಾರ ಬಳಿಗೆ?

ಮನೋವೈದ್ಯರು ಎಂ.ಬಿ.ಬಿ.ಎಸ್. ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯಬಲ್ಲರು. ಚಿಕಿತ್ಸಾ ಮನೋವಿಜ್ಞಾನಿಗಳು ಪರೀಕ್ಷೆಗಳನ್ನು ನಡೆಸಿ ವರದಿ ಬರೆಯುವವರು, ಮಾತಿನ ಚಿಕಿತ್ಸೆ ನೀಡುವವರು. ಇವರು 1992ರ ಕಾಯ್ದೆಯಂತೆ ಸ್ಥಾಪಿತವಾದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ. ವಾರಾಂತ್ಯದ ತರಬೇತಿ ಪಡೆದು 'ಬೆರಳಚ್ಚಿನಿಂದ ಬುದ್ಧಿ ಹೇಳುತ್ತೇವೆ' ಎಂದು ಶಾಲೆಗಳಿಗೆ ಬರುವವರನ್ನು ಗೇಟಿನಲ್ಲೇ ನಿಲ್ಲಿಸಿ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ.

ಹತ್ತಿರದ ಬಾಗಿಲು ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಭೇಟಿ ಕೊಡುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ನಿಮ್ಮ ಆಸ್ಪತ್ರೆಯಲ್ಲಿ ಈಗ ಯಾವ ದಿನ ಎಂದು ವಿಚಾರಿಸಿಕೊಂಡು ಹೋಗಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ಕಲ್ಪನೆಯೇ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ಪ್ರಯೋಗವಾಗಿ ದೇಶಕ್ಕೆಲ್ಲ ಹರಡಿದ್ದು. ಮಂಡ್ಯದಲ್ಲಿ ಮಿಮ್ಸ್ ಬೋಧನಾ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಮಾತು, ಕಿವಿ, ಕಲಿಕೆಯ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಲ್ಲಿ ಸ್ಥಾಪಿತವಾದ ಇಲ್ಲಿ ಕಿವಿ, ಮಾತು, ಮನೋವಿಜ್ಞಾನ ಮೂರೂ ಒಂದೇ ಆವರಣದಲ್ಲಿರುವುದು ದೊಡ್ಡ ಅನುಕೂಲ. ಮಂಡ್ಯ, ಮದ್ದೂರಿನವರಿಗೆ ಮೈಸೂರು ರೈಲಿದೆ. ರೈಲು ಮಾರ್ಗವಿಲ್ಲದ ಮಳವಳ್ಳಿಯವರು ಬಸ್ಸನ್ನೇ ನಂಬಬೇಕು. ಹೆಚ್ಚು ಜಟಿಲವಾದವಕ್ಕೆ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ಮಕ್ಕಳಿಗೆ ಬೇರೆ ವಿಭಾಗವೇ ಇದೆ.

ತಪಾಸಣೆ ಒಂದೇ ದಿನದಲ್ಲಿ ಮುಗಿಯದಿರಬಹುದು. ಹೋಗುವಾಗ ತಾಯಿ ಕಾರ್ಡ್, ಪ್ರಗತಿಪತ್ರ, ಬರೆದ ಹಳೆಯ ಪುಸ್ತಕಗಳು, ಕಣ್ಣು ಕಿವಿ ಪರೀಕ್ಷೆಯ ಚೀಟಿಗಳನ್ನು ಒಯ್ಯಬೇಕು. ಮಗುವಿಗೆ ಸುಳ್ಳು ಹೇಳಿ ಕರೆದೊಯ್ಯಬೇಡಿ; 'ಸೂಜಿ ಚುಚ್ಚುವುದಿಲ್ಲ, ಒಗಟು ಬಿಡಿಸುವುದು, ಚಿತ್ರ ಜೋಡಿಸುವುದು ಇರುತ್ತದೆ, ನಿನಗೆ ಓದು ಏಕೆ ಕಷ್ಟವಾಗುತ್ತಿದೆ ಎಂದು ನೋಡುತ್ತಾರೆ' ಎಂದರೆ ಸಾಕು.

ಅಂಕಿಯನ್ನು ಹೇಗೆ ಓದಬೇಕು?

ವರದಿಯಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ಐ.ಕ್ಯು. ಎಂಬ ಬುದ್ಧಿ ಸೂಚ್ಯಂಕದ ಮೇಲೆ. 1905ರಲ್ಲಿ ಪ್ಯಾರಿಸಿನಲ್ಲಿ ಬಿನೆ ಮತ್ತು ಸಿಮೋನ್ ಮೊದಲ ಪರೀಕ್ಷೆ ರಚಿಸಿದ್ದು ತರಗತಿಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು, ಮಕ್ಕಳಿಗೆ ಬೆಲೆ ಕಟ್ಟಲು ಅಲ್ಲ. ಕನ್ನಡಕ್ಕೆ ಈ ವಿದ್ಯೆ ತಡವಾಗಿಯೇನೂ ಬರಲಿಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತ ಎಂ. ವಿ. ಗೋಪಾಲಸ್ವಾಮಿ 1924ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದರು. (1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರ ನಡೆಸಿದವರೂ ಇವರೇ.) 1930ರ ದಶಕದಲ್ಲಿ ವಿ. ವಿ. ಕಾಮತ್ ಧಾರವಾಡದ ಕಡೆಯ ಕನ್ನಡ, ಮರಾಠಿ ಮಕ್ಕಳಿಗೆ ಹೊಂದುವಂತೆ ಬಿನೆ ಪರೀಕ್ಷೆಯನ್ನು ತಿದ್ದಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರನ್ನು ನೀವು ವರದಿಗಳಲ್ಲಿ ಇನ್ನೂ ಕಾಣಬಹುದು. ಆದರೆ ಅದರ ಮಾನಕಗಳು ಬಹಳ ಹಳೆಯವು. ಪೀಳಿಗೆಯಿಂದ ಪೀಳಿಗೆಗೆ ಇಂಥ ಪರೀಕ್ಷೆಗಳಲ್ಲಿ ಸರಾಸರಿ ಅಂಕ ಏರುತ್ತ ಬಂದಿರುವುದರಿಂದ ಹಳೆಯ ಅಳತೆಗೋಲಿನಲ್ಲಿ ಇಂದಿನ ಮಗು ಇರುವುದಕ್ಕಿಂತ ಎತ್ತರವಾಗಿ ಕಾಣುವ ಸಾಧ್ಯತೆಯಿದೆ.

ಇನ್ನು ಅಳತೆಯ ದೋಷ. ಸರಾಸರಿ 100, ಮಾನಕ ವಿಚಲನೆ 15 ಇರುವ ಪರೀಕ್ಷೆಯ ವಿಶ್ವಾಸಾರ್ಹತೆ 0.91 ಎಂದಿಟ್ಟುಕೊಳ್ಳಿ. ಅಳತೆಯ ಮಾನಕ ದೋಷ 15 × √(1 − 0.91), ಎಂದರೆ 15 × 0.3 = 4.5. ಶೇ. 95 ಭರವಸೆಯಿಂದ ಹೇಳಬೇಕಾದರೆ ಎರಡೂ ಕಡೆಗೆ ಸುಮಾರು 9. ಹೀಗಾಗಿ 68 ಬಂದ ಮಗುವಿನ ನಿಜವಾದ ಅಂಕ 59ರಿಂದ 77ರ ನಡುವೆ ಎಲ್ಲಿಯಾದರೂ ಇರಬಹುದು. 70ರ ಗೆರೆಯ ಮೇಲೋ ಕೆಳಗೋ ಎಂಬುದನ್ನು ಆ ಒಂದು ಅಂಕಿ ತೀರ್ಮಾನಿಸಲಾರದು. ಬುದ್ಧಿಮಾಂದ್ಯ ಎನ್ನಬೇಕಾದರೆ ಮಗು ತಾನೇ ಉಡುವುದು, ಉಣ್ಣುವುದು, ಅಂಗಡಿಯಿಂದ ಸಾಮಾನು ತರುವುದು ಮೊದಲಾದ ದಿನನಿತ್ಯದ ಸಾಮರ್ಥ್ಯಗಳನ್ನೂ ಅಳೆದಿರಬೇಕು. ಅಂಕಿ ಮಾತ್ರ ಕೊಟ್ಟು ಮುಂದೇನು ಮಾಡಬೇಕೆಂದು ಹೇಳದ ವರದಿ ಬಂದರೆ ಮರಳಿ ಹೋಗಿ ಕೇಳುವ ಹಕ್ಕು ನಿಮಗಿದೆ.

ಪ್ರಮಾಣಪತ್ರ ಬೇಕಾಗುವುದು ಮತ್ತೊಂದು ಪ್ರಾಯೋಗಿಕ ಕಾರಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವಿಧಗಳಲ್ಲಿ ಆಟಿಸಮ್, ಬೌದ್ಧಿಕ ಅಸಾಮರ್ಥ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಸೇರಿವೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಮೊದಲಾದವು ಇದರ ಆಧಾರದ ಮೇಲೆ ದೊರೆಯುತ್ತವೆ. ಹತ್ತನೆಯ ತರಗತಿಯ ಜನವರಿಯಲ್ಲಿ ಓಡಾಡುವ ಬದಲು ಎರಡು ವರ್ಷ ಮೊದಲೇ ಹೊರಟರೆ ಪಾಠದಲ್ಲೂ ನೆರವು ಸಿಗುತ್ತದೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು 8 ವರ್ಷ ತುಂಬಿದ ಮೇಲಷ್ಟೇ ಕೊಟ್ಟು, 14 ಮತ್ತು 18ನೇ ವಯಸ್ಸಿನಲ್ಲಿ ಮರುತಪಾಸಣೆ ಮಾಡಬೇಕೆಂದು 2018ರ ಕೇಂದ್ರ ಮಾರ್ಗಸೂಚಿ ಹೇಳಿತು. ಅದಕ್ಕಿಂತ ಎಳೆಯ ಮಕ್ಕಳಿಗೆ ನೆರವು ಕೊಡಲು ಯಾವ ಪತ್ರವೂ ಬೇಕಿಲ್ಲ.

ಊರಿಗೆ ಗೊತ್ತಾದರೆ? ಇದೇ ಬಹುಮಂದಿಯನ್ನು ಬಸ್‌ಸ್ಟ್ಯಾಂಡಿನಿಂದಲೇ ಹಿಂದಕ್ಕೆ ತಿರುಗಿಸುವ ಪ್ರಶ್ನೆ, ಅದರಲ್ಲೂ ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಗಳಿದ್ದರೆ. 2015-16ರ ಸಮೀಕ್ಷೆಯಲ್ಲಿ ಮಾನಸಿಕ ತೊಂದರೆ ಇದ್ದವರ ಪೈಕಿ ಚಿಕಿತ್ಸೆ ಪಡೆಯದವರು ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರವರೆಗೆ ಇದ್ದರು. ಇದಕ್ಕೆ ಈ ಸಂಕೋಚವೂ ಒಂದು ಕಾರಣ. 2017ರ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಬರೆದಿದೆ. ವೈದ್ಯರು ಅದನ್ನು ಪಾಲಿಸಿಯೂ ಶಾಲೆಯ ಸ್ಟಾಫ್ ರೂಮಿನಲ್ಲಿ ಸುದ್ದಿ ಸೋರಿದರೆ ಕಾಯ್ದೆ ಏನು ಮಾಡೀತು? ವರದಿಯ ಮೂಲಪ್ರತಿ ತಂದೆತಾಯಿಯ ಬಳಿಯೇ ಇರಲಿ. ಶಾಲೆಗೆ ಬೇಕಾಗುವುದು ರೋಗದ ಹೆಸರಿಗಿಂತ ಹೆಚ್ಚಾಗಿ 'ಮುಂದಿನ ಸಾಲಿನಲ್ಲಿ ಕೂರಿಸಿ, ಪ್ರಶ್ನೆಯನ್ನು ಓದಿಹೇಳಿ, ಬಾಯಿಯಲ್ಲಿ ಉತ್ತರ ಹೇಳಲು ಬಿಡಿ' ಎಂಬಂಥ ನಾಲ್ಕು ಸಾಲು. ಆ ನಾಲ್ಕು ಸಾಲನ್ನು ಕನ್ನಡದಲ್ಲಿ, ಬೇರೆ ಹಾಳೆಯಲ್ಲಿ ಬರೆದುಕೊಡುವಂತೆ ಮನೋವಿಜ್ಞಾನಿಯನ್ನು ಅಲ್ಲೇ ಕೇಳಿ ಪಡೆಯಬೇಕು. ಮರುಭೇಟಿಯ ದಿನಾಂಕವನ್ನೂ ಅದರಲ್ಲೇ ಬರೆಸಿಕೊಳ್ಳಿ.